ಮನೆಗಿಂತ ಮೊದಲು ಓಣಿ

ಮನೆ ಕಟ್ಟುವುದನ್ನೂ ಮದುವೆ ಮಾಡುವುದನ್ನೂ ನಮ್ಮ ಹಿರಿಯರು ಒಂದೇ ಗಾದೆಯಲ್ಲಿ ಸೇರಿಸಿ ಹೇಳಿದರು. ಎರಡರ ಭಾರವೂ ಒಂದೇ ತೂಕದ್ದು ಎಂಬುದು ಅದರ ಭಾವ. ಆದರೆ ಮದುವೆಯ ಮಾತು ಬಂದಾಗ ವಧೂವರರನ್ನಷ್ಟೇ ನೋಡದೆ ಮನೆತನ ಎಂಥದು, ನಡೆನುಡಿ ಹೇಗೆ, ಕಷ್ಟಕಾಲಕ್ಕೆ ನಿಲ್ಲುವ ಜನವೇ ಎಂದು ಹತ್ತು ಕಡೆ ವಿಚಾರಿಸುವ ನಾವು, ಮನೆ ಕೊಳ್ಳಲು ಹೊರಟಾಗ ಗೋಡೆ, ಚಾವಣಿ, ದಿಕ್ಕು, ಬೆಲೆ ಇಷ್ಟನ್ನು ನೋಡಿ ತೃಪ್ತರಾಗಿಬಿಡುತ್ತೇವೆ. ಮನೆಗೂ ಒಂದು ಮನೆತನವಿರುತ್ತದೆ. ಅದು ನಿಂತಿರುವ ಓಣಿಯೇ ಆ ಮನೆತನ. ಈ ಮಾತು ನನಗೆ ತಿಳಿದದ್ದು ಅರವತ್ತು ದಾಟಿದ ಮೇಲೆ, ಧಾರವಾಡದಲ್ಲಿ ಒಂದು ಮಳೆಗಾಲವೆಲ್ಲ ಕೊಡೆ ಹಿಡಿದು ತಿರುಗಿದಾಗ. ಅದೂ ಸ್ವಂತ ಬುದ್ಧಿಯಿಂದಲ್ಲ, ಎಂಬತ್ತಮೂರು ವರ್ಷದ ನಮ್ಮ ಅವ್ವನಿಂದ. ಮನೆ ಕೊಳ್ಳುವ ಯೋಚನೆಯಲ್ಲಿರುವ ಬಂಧುಗಳಿಗೆ ಉಪಯೋಗವಾದೀತೆಂದು ಆ ಅನುಭವವನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇನೆ.

ನಾನು ವೃತ್ತಿಯಿಂದ ಪ್ರೌಢಶಾಲೆಯ ಶಿಕ್ಷಕ. ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಊರುಗಳಲ್ಲಿ ವರ್ಗದ ಮೇಲೆ ವರ್ಗವಾಗಿ ಒಂಬತ್ತು ಬಾಡಿಗೆ ಮನೆಗಳನ್ನು ಕಂಡವನು. 2023ರಲ್ಲಿ ನಿವೃತ್ತನಾದಾಗ ಕೈಗೆ ಬಂದ ಹಣ ಒಂದು ಮನೆಗೆ ಸಾಲುವಷ್ಟಿರಲಿಲ್ಲ. ಊರಿನ ಹೊಲದಲ್ಲಿ ನನ್ನ ಪಾಲಿಗೆ ಬಂದಿದ್ದ ಎರಡು ಎಕರೆಯನ್ನು ಮಾರಬೇಕಾಯಿತು. ಕಾಗದಕ್ಕೆ ಅವ್ವನೂ ಹೆಬ್ಬೆಟ್ಟು ಒತ್ತಿದಳು. ಒತ್ತಿದ ಬೆರಳಿನ ಮಸಿಯನ್ನು ಸೆರಗಿಗೆ ಒರೆಸಿಕೊಳ್ಳುತ್ತ, “ಹೊಲಾ ಹೋತು, ಹೋಗ್ಲಿ. ಮನಿ ತಪ್ಪಬ್ಯಾಡ ತಮ್ಮಾ” ಎಂದಳು. ಆ ಒಂದು ಮಾತು ಮುಂದಿನ ಆರು ತಿಂಗಳು ನನ್ನ ಬೆನ್ನ ಮೇಲೆ ಕುಳಿತಿತ್ತು. ಹೊಲ ಮಾರಿದ ಹಣದಲ್ಲಿ ಎರಡನೆಯ ಬಾರಿ ತಪ್ಪು ಮಾಡುವ ಅವಕಾಶವಿರುವುದಿಲ್ಲ.

ಧಾರವಾಡವನ್ನೇ ಆರಿಸಿಕೊಂಡದ್ದಕ್ಕೆ ಕಾರಣಗಳಿದ್ದವು. ನಾನು ಓದಿದ್ದು 1917ರಲ್ಲಿ ಸ್ಥಾಪನೆಯಾದ ಕರ್ನಾಟಕ ಕಾಲೇಜಿನಲ್ಲಿ. ಉಂಡದ್ದು ಮುರುಘಾಮಠದ ಪ್ರಸಾದದಲ್ಲಿ. ಮೃತ್ಯುಂಜಯ ಅಪ್ಪಗಳ ಕಾಲದಿಂದ ನಡೆದು ಬಂದ ಆ ದಾಸೋಹವಿಲ್ಲದಿದ್ದರೆ ನನ್ನಂಥ ಎಷ್ಟೋ ಒಕ್ಕಲುಮಕ್ಕಳು ಹತ್ತನೆಯ ಇಯತ್ತೆಗೇ ಓದು ಬಿಡುತ್ತಿದ್ದರು. ನಮ್ಮ ಸಮಾಜಕ್ಕೂ ಈ ಊರಿಗೂ ಹಳೆಯ ನಂಟು. 1883ರಲ್ಲಿ ಲಿಂಗಾಯತ ವಿದ್ಯಾಭಿವೃದ್ಧಿಗಾಗಿ ನಿಧಿ ಕೂಡಿಸುವ ಕೆಲಸ ಆರಂಭವಾದದ್ದು ಇಲ್ಲಿ. 1904ರಲ್ಲಿ ಹಾನಗಲ್ಲ ಕುಮಾರಸ್ವಾಮಿಗಳ ಪ್ರೇರಣೆಯಿಂದ ಅಖಿಲ ಭಾರತ ವೀರಶೈವ ಮಹಾಸಭೆಯ ಪ್ರಥಮ ಅಧಿವೇಶನ ಸಿರಸಂಗಿ ಲಿಂಗರಾಜರ ಅಧ್ಯಕ್ಷತೆಯಲ್ಲಿ ಸೇರಿದ್ದೂ ಇಲ್ಲಿಯೇ. ಇದೆಲ್ಲಕ್ಕಿಂತ ಮುಖ್ಯವಾಗಿ, ಆಸ್ಪತ್ರೆ ಹತ್ತಿರ, ಹವೆ ತಂಪು, ಊರು ಹೆದರಿಸುವಷ್ಟು ದೊಡ್ಡದಲ್ಲ.

ಹೊರಗಿನವರಿಗೆ ಧಾರವಾಡವೆಂದರೆ ಒಂದು ಊರು. ಒಳಹೊಕ್ಕು ನೋಡಿದರೆ ಅದು ಹಲವು ಹಳ್ಳಿಗಳು ಕೈಕೈ ಹಿಡಿದು ನಿಂತ ಗುಂಪು. ಹೊಸಯಲ್ಲಾಪುರ, ಮದಿಹಾಳ, ಗುಲಗಂಜಿಕೊಪ್ಪ, ಸಪ್ತಾಪುರ, ನಾರಾಯಣಪುರ, ಸೈದಾಪುರ, ಕೆಲಗೇರಿ, ನವಲೂರು. ಹೆಸರುಗಳೇ ಇವು ಒಂದೊಂದು ಕಾಲಕ್ಕೆ ತಮ್ಮಷ್ಟಕ್ಕೆ ಇದ್ದವೆಂದು ಹೇಳುತ್ತವೆ. ಹನ್ನೆರಡನೆಯ ಶತಮಾನದ ಶಾಸನಗಳಲ್ಲಿ ಕಾಣಿಸಿಕೊಳ್ಳುವ ಈ ಊರಿಗೆ ಕೋಟೆಯೊಂದಿತ್ತು. ಈಗ ಅದರ ಮಹಾದ್ವಾರ ಮಾತ್ರ ಹಳೆಯ ಗೌರವವನ್ನು ಕಾಯುತ್ತ ನಿಂತಿದೆ. 1962ರಲ್ಲಿ ಹುಬ್ಬಳ್ಳಿಯೊಡನೆ ಸೇರಿ ಒಂದೇ ಮಹಾನಗರಪಾಲಿಕೆಯಾಯಿತು. ಧಾರವಾಡಕ್ಕೆ ಪ್ರತ್ಯೇಕ ಪಾಲಿಕೆ ಬೇಕೆಂಬ ಬಹುದಿನದ ಬೇಡಿಕೆಗೆ 2025ರ ಜನವರಿಯಲ್ಲಿ ರಾಜ್ಯ ಸಚಿವ ಸಂಪುಟ ಒಪ್ಪಿಗೆ ನೀಡಿತು. ಪಾಲಿಕೆ ಒಂದಾದರೇನು, ಎರಡಾದರೇನು? ಇಲ್ಲಿ ಒಂದು ಓಣಿಯ ಸ್ವಭಾವ ಪಕ್ಕದ ಓಣಿಗೆ ಬರುವುದಿಲ್ಲ.

ಮೊದಲು ನಾವು ಹೋದದ್ದು ಹಳೆಯ ಪೇಟೆಯ ಕಡೆಗೆ. ನನ್ನ ಶ್ರೀಮತಿಗೆ ಪೇಟೆ ಹತ್ತಿರವಿರಬೇಕೆಂಬ ಆಸೆ. ಅಲ್ಲೊಂದು ಓಣಿಯಲ್ಲಿ ದಪ್ಪ ಮಣ್ಣಿನ ಗೋಡೆಯ, ಸಾಗವಾನಿ ಕಂಬಗಳ ಮನೆಯೊಂದು ಮಾರಾಟಕ್ಕಿತ್ತು. ಒಳಗೆ ಕಾಲಿಟ್ಟರೆ ಪಡಸಾಲೆಯ ತಂಪು, ನಡುಮನೆಯ ಬೆಳಕಿಂಡಿಯಿಂದ ಇಳಿದ ಬಿಸಿಲು, ಹಿಂದೆ ನೀರೊಲೆಯ ಬಚ್ಚಲು. ನನ್ನ ಬಾಲ್ಯವೇ ಎದುರು ಬಂದು ನಿಂತಂತಾಯಿತು. ಬೆಲೆಯೂ ಕೈಗೆಟಕುವಂತಿತ್ತು. ಬೆಲೆ ಏಕೆ ಕಡಿಮೆ ಎಂಬುದು ಸಿಟಿ ಸರ್ವೆ ಉತಾರ ತೆಗೆಸಿದಾಗ ತಿಳಿಯಿತು. ಮೂರು ತಲೆಮಾರಿನ ವಾರಸುದಾರರ ಹೆಸರುಗಳು ಅದರಲ್ಲಿದ್ದವು. ಮಾರಲು ನಿಂತವರು ಇಬ್ಬರು ಅಣ್ಣತಮ್ಮಂದಿರು; ಅವರ ಅಕ್ಕತಂಗಿಯರ ಮಾತೇ ಇರಲಿಲ್ಲ. ಕೇಳಿದರೆ, “ಅವರನ್ನು ಮದುವೆ ಮಾಡಿ ಕೊಟ್ಟು ಮುಗಿದಿದೆ” ಎಂಬ ಉತ್ತರ.

ಹೆಣ್ಣುಮಕ್ಕಳನ್ನು ಮದುವೆ ಮಾಡಿ ಕೊಟ್ಟರೆ ಹಕ್ಕು ಮುಗಿಯುವುದಿಲ್ಲ. ಪಿತ್ರಾರ್ಜಿತ ಸ್ವತ್ತಿನಲ್ಲಿ ಮಗಳಿಗೂ ಮಗನಷ್ಟೇ ಪಾಲೆಂದು ಕರ್ನಾಟಕವು 1994ರಲ್ಲಿಯೂ ಕೇಂದ್ರವು 2005ರಲ್ಲಿಯೂ ಹಿಂದೂ ಉತ್ತರಾಧಿಕಾರ ಕಾಯಿದೆಗೆ ತಿದ್ದುಪಡಿ ತಂದವು. ಆ ಹಕ್ಕು ಹುಟ್ಟಿನಿಂದಲೇ ಬರುವುದೆಂದು 2020ರಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟಪಡಿಸಿತು. ಆದಕಾರಣ ಹಳೆಯ ಮನೆ ಕೊಳ್ಳುವವರು ಅಣ್ಣತಮ್ಮಂದಿರ ಸಹಿಯನ್ನಷ್ಟೇ ನೋಡಿದರೆ ಸಾಲದು. ಅಕ್ಕತಂಗಿಯರ ಸಹಿ ಇಲ್ಲದ ಖರೀದಿಪತ್ರವು ಮನೆಯ ಜೊತೆಗೆ ಒಂದು ದಾವೆಯನ್ನೂ ಕೊಂಡಂತೆ. ಕಾನೂನಿನ ಮಾತು ಹಾಗಿರಲಿ, ಒಬ್ಬ ಹೆಣ್ಣುಮಗಳ ಪಾಲನ್ನು ತುಳಿದು ನಿಂತ ಹೊಸ್ತಿಲನ್ನು ದಾಟಿ ದಿನವೂ ಇಷ್ಟಲಿಂಗ ಪೂಜೆಗೆ ಕುಳಿತುಕೊಳ್ಳುವುದು ಹೇಗೆ? ನಾವು ಕೈಮುಗಿದು ಹೊರಬಂದೆವು.

ಮುಂದಿನ ವಾರ ಸಪ್ತಾಪುರ. ನನ್ನ ವಿದ್ಯಾರ್ಥಿ ದೆಸೆಯಲ್ಲಿ ಸಪ್ತಾಪುರ ಬಾವಿಯ ಆಸುಪಾಸು ಸಂಜೆಯಾದರೆ ಮೌನವೇ ಇಳಿದು ಬರುತ್ತಿತ್ತು. ಇಂದು ಅದು ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುವ ಮಕ್ಕಳ ಊರು. ಉತ್ತರ ಕರ್ನಾಟಕದ ಮೂಲೆಮೂಲೆಯಿಂದ ಬಂದ ಹುಡುಗ ಹುಡುಗಿಯರು ಕೈಯಲ್ಲಿ ಪುಸ್ತಕ ಹಿಡಿದು ತರಬೇತಿ ಕೇಂದ್ರದಿಂದ ವಾಚನಾಲಯಕ್ಕೆ, ವಾಚನಾಲಯದಿಂದ ಖಾನಾವಳಿಗೆ ನಡೆಯುತ್ತಿರುತ್ತಾರೆ. ಆ ಮಕ್ಕಳನ್ನು ಕಂಡು ಶಿಕ್ಷಕನಾದ ನನ್ನ ಮನಸ್ಸು ತುಂಬಿ ಬಂತು. ಆದರೆ ಅಲ್ಲಿಯ ಮನೆಗಳು ಮನೆಗಳಾಗಿ ಉಳಿದಿಲ್ಲ. ಕೆಳಗೆ ಅಂಗಡಿ, ಮೇಲೆ ಕೋಣೆಗಳು, ಅದರ ಮೇಲೆ ತಗಡಿನ ಮತ್ತೊಂದು ಮಹಡಿ. ದಲ್ಲಾಳಿ ನಮಗೆ ಮನೆಯನ್ನು ತೋರಿಸುವುದಕ್ಕಿಂತ ಹೆಚ್ಚಾಗಿ ಬಾಡಿಗೆಯ ಲೆಕ್ಕವನ್ನೇ ತೋರಿಸಿದ. ಬಾಡಿಗೆಯಿಂದ ಬದುಕಬೇಕೆನ್ನುವವರಿಗೆ ಅದು ಒಳ್ಳೆಯ ಸ್ಥಳವೇ. ನಮಗೆ ಬೇಕಾದದ್ದು ಬದುಕುವ ಜಾಗ.

ಸಾಧನಕೇರಿ, ಕೆಲಗೇರಿಗಳ ಕಡೆಗೆ ಹೋದ ದಿನ ಮಳೆ ಬಿಟ್ಟುಬಿಟ್ಟು ಸುರಿಯುತ್ತಿತ್ತು. ವರಕವಿ ಬೇಂದ್ರೆಯವರು ಬಾಳಿದ ‘ಶ್ರೀಮಾತಾ’ ಮನೆಯ ಮುಂದೆ ನಿಂತು ಕೆರೆಯನ್ನು ನೋಡಿದೆವು. ಇಲ್ಲಿಯೇ ಇದ್ದುಬಿಡೋಣವೆಂದು ನನ್ನ ಶ್ರೀಮತಿ ಅಂದೇ ಬಿಟ್ಟರು. ಆದರೆ ಕೆರೆಯ ಚೆಲುವನ್ನು ದಡದ ಮೇಲೆ ನಿಂತು ನೋಡುವುದು ಬೇರೆ, ಕೆರೆಗೆ ನೀರು ಹರಿದು ಬರುವ ತಗ್ಗಿನಲ್ಲಿ ಮನೆ ಮಾಡುವುದು ಬೇರೆ. ಆ ಭಾಗದಲ್ಲಿ ನಮಗೆ ತೋರಿಸಿದ ಮನೆಯ ಗೋಡೆಗೆ ಹೊಸದಾಗಿ ಬಣ್ಣ ಬಳಿದಿದ್ದರು. ನೆಲದಿಂದ ಒಂದು ಮೊಳ ಎತ್ತರದವರೆಗೆ ಮಾತ್ರ ಬಣ್ಣ ಉಬ್ಬಿ ನಿಂತಿತ್ತು. ಹಿಂದಿನ ಮಳೆಗಾಲದ ನೀರು ಎಲ್ಲಿಯವರೆಗೆ ಬಂದಿತ್ತೆಂದು ಆ ಗೋಡೆ ಯಾರೂ ಕೇಳದೆ ಹೇಳುತ್ತಿತ್ತು. ಎದುರಿನ ಕಿರಾಣಿ ಅಂಗಡಿಯವರನ್ನು ವಿಚಾರಿಸಿದಾಗ, “ಜಡಿಮಳಿ ಹಿಡದ್ರ ನೀರು ಬರತೈತ್ರಿ ಸರ, ಒಂದೆರಡು ದಿನಾ ಅಷ್ಟ” ಎಂದು ನಕ್ಕರು. ಬೇಸಿಗೆಯಲ್ಲಿ ಬಂದು ನೋಡಿದ್ದರೆ ಈ ಮಾತು ನಮಗೆ ತಿಳಿಯುತ್ತಲೇ ಇರಲಿಲ್ಲ.

ಇಷ್ಟರಲ್ಲಿ ಬೆಂಗಳೂರಿನಲ್ಲಿರುವ ಮಗನ ದೂರವಾಣಿ ಕರೆಗಳು ಹೆಚ್ಚಾದವು. “ಅಪ್ಪಾ, ಹಳೇ ಮನೆ ಕೊಂಡರೆ ದುರಸ್ತಿಯಲ್ಲೇ ಜೀವನ ಹೋಗುತ್ತದೆ. ಹೆದ್ದಾರಿಯ ಕಡೆ ಹೊಸ ಲೇಔಟಿನಲ್ಲಿ ತಗೊಳ್ಳಿ. ಹತ್ತು ವರ್ಷಕ್ಕೆ ಬೆಲೆ ಎಲ್ಲಿಗೆ ಹೋಗುತ್ತದೆ ನೋಡಿ” ಎಂಬುದು ಅವನ ವಾದ. ವಾದದಲ್ಲಿ ಹುರುಳಿಲ್ಲದೆ ಇರಲಿಲ್ಲ. 2008ರಲ್ಲಿ ಧಾರವಾಡಕ್ಕೆ ಉಚ್ಚ ನ್ಯಾಯಾಲಯದ ಸಂಚಾರಿ ಪೀಠ ಬಂತು, 2013ರಲ್ಲಿ ಅದು ಕಾಯಂ ಆಯಿತು. 2016ರಲ್ಲಿ ಐಐಟಿ ಆರಂಭವಾಯಿತು, 2023ರಲ್ಲಿ ಚಿಕ್ಕಮಲ್ಲಿಗವಾಡದ ತನ್ನ ಸ್ವಂತ ಆವರಣ ಸೇರಿತು. ಹುಬ್ಬಳ್ಳಿ ಧಾರವಾಡಗಳ ನಡುವಿನ ಸುಮಾರು ಇಪ್ಪತ್ತು ಕಿಲೋಮೀಟರಿನ ದಾರಿಯಲ್ಲಿ 2018ರಿಂದ ಚಿಗರಿ ಬಸ್ಸುಗಳು ಓಡತೊಡಗಿದವು. ಇವೆಲ್ಲದರ ಬೆನ್ನಿಗೆ ಹೊಲಗಳು ಪ್ಲಾಟುಗಳಾದವು. ಪೇರಲಕ್ಕೆ ಹೆಸರಾದ ನವಲೂರಿನ ತೋಟಗಳ ಅಂಚಿನವರೆಗೂ ಕಲ್ಲು ನೆಟ್ಟ ಸಾಲುಗಳು ಬಂದಿವೆ.

ಹೊಸ ಬಡಾವಣೆಯಲ್ಲಿ ನೋಡಿದ ಮನೆ ನಿಜಕ್ಕೂ ಚೆನ್ನಾಗಿತ್ತು. ಎರಡು ಮಲಗುವ ಕೋಣೆ, ಹೊಳೆಯುವ ನೆಲ, ಕಾರು ನಿಲ್ಲಲು ಜಾಗ, ಬಡಾವಣೆಯ ಬಾಯಿಗೆ ಕಮಾನು. ನಾನು ಎರಡು ಲಕ್ಷ ರೂಪಾಯಿಯ ಚೆಕ್ಕನ್ನು ಬರೆದು ಜೇಬಿನಲ್ಲಿಟ್ಟುಕೊಂಡಿದ್ದೆ. ಸಂಚಕಾರ ಕೊಡುವ ಮೊದಲು ಅವ್ವನಿಗೆ ಒಮ್ಮೆ ತೋರಿಸೋಣವೆಂದು, ಕೇವಲ ಮರ್ಯಾದೆಗಾಗಿ, ಅವಳನ್ನು ಆಟೋದಲ್ಲಿ ಕರೆದುಕೊಂಡು ಹೋದೆವು.

ಅವ್ವ ಒಳಗೆ ಹೋಗಿ ಎಲ್ಲವನ್ನೂ ನಿಧಾನವಾಗಿ ನೋಡಿದಳು. ನಲ್ಲಿ ತಿರುವಿದಳು, ಗೋಡೆ ಸವರಿದಳು. ಆಮೇಲೆ ಹೊರಗೆ ಬಂದು ಬಾಗಿಲ ಮುಂದೆ ನಿಂತು ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು. ಅರವತ್ತು ಪ್ಲಾಟುಗಳಲ್ಲಿ ಮನೆ ಎದ್ದದ್ದು ಐದಾರು. ಪಕ್ಕದ ಮನೆಯ ಮಾಲಿಕರು ಪುಣೆಯಲ್ಲಿ, ಎದುರಿನವರು ಬೆಂಗಳೂರಿನಲ್ಲಿ. ಬೀಗಗಳಿಗೆ ತುಕ್ಕು ಹಿಡಿದಿತ್ತು.

“ಗ್ವಾಡಿ ಛಲೋ ಅದಾವ. ಮಂದಿ ಎಲ್ಲಿದ್ದಾರ ತಮ್ಮಾ?” ಎಂದು ಕೇಳಿದಳು.

“ಬರ್ತಾರವ್ವಾ, ಇನ್ನ ನಾಕೈದು ವರ್ಷದಾಗ ಎಲ್ಲಾ ತುಂಬತೈತಿ” ಎಂದೆ.

“ನಾಕೈದು ವರ್ಷ ನಿಮಗ ಅದಾವ. ನನಗೆಲ್ಲಿ ಅದಾವ? ನೀವಿಬ್ರೂ ಪ್ಯಾಟಿಗೆ ಹ್ವಾದ್ರ ನಾ ಯಾರ ಕೂಡ ಮಾತಾಡ್ಲಿ, ಗ್ವಾಡಿ ಕೂಡ?”

ಚೆಕ್ಕು ಜೇಬಿನಲ್ಲಿಯೇ ಉಳಿಯಿತು. ಅದು ಉಳಿದದ್ದೇ ಒಳ್ಳೆಯದಾಯಿತೆಂದು ಮರುವಾರ ತಿಳಿಯಿತು. ಜಮೀನಿಗೆ ಬಿನ್‌ಶೇತ್ಕಿ ಆದೇಶವೇನೋ ಇತ್ತು. ಆದರೆ ಬಡಾವಣೆಯ ನಕ್ಷೆಗೆ ನಗರಾಭಿವೃದ್ಧಿ ಪ್ರಾಧಿಕಾರದ ಅಂತಿಮ ಮಂಜೂರಾತಿ ಕೇಳಿದಾಗ, ಇಂದು ನಾಳೆ ಎಂಬ ಮಾತೇ ಹೊರತು ಕಾಗದ ಬರಲಿಲ್ಲ. ಗುಂಠೆ ಲೆಕ್ಕದಲ್ಲಿ ಅಗ್ಗಕ್ಕೆ ಸಿಗುತ್ತದೆಂದು ಹೊಲದ ತುಂಡುಗಳನ್ನು ಬರಿಯ ಬಾಂಡು ಕಾಗದದ ಮೇಲೆ ಕೊಂಡವರ ಕಷ್ಟವನ್ನು ನಮ್ಮಲ್ಲಿ ಬಲ್ಲದವರಿಲ್ಲ. 2024ರ ಅಕ್ಟೋಬರಿನಿಂದ ನಗರದ ಸ್ವತ್ತುಗಳ ನೋಂದಣಿಗೆ ಇ-ಖಾತಾ ಕಡ್ಡಾಯವಾದ ಮೇಲಂತೂ ಅಂಥ ತುಂಡುಗಳನ್ನು ಮಾರಲೂ ಬಾರದೆ, ಸಾಲ ಎತ್ತಲೂ ಬಾರದೆ ಜನ ಕಂಗಾಲಾಗಿದ್ದಾರೆ.

ನೆಲದ ಗುಣವನ್ನೂ ಇಲ್ಲಿ ಹೇಳಬೇಕು. ಧಾರವಾಡವು ಮಲೆನಾಡು ಮುಗಿದು ಬಯಲುಸೀಮೆ ಆರಂಭವಾಗುವ ಹೊಸ್ತಿಲ ಮೇಲಿದೆ. ಪಶ್ಚಿಮಕ್ಕೆ ಕೆಂಪು ಮಸಾರಿ ಮಣ್ಣು, ಪೂರ್ವಕ್ಕೆ ಹೋದಂತೆ ಎರೆ ಮಣ್ಣು. ಎರೆ ಮಣ್ಣು ಮಳೆಯಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರಿಯುತ್ತದೆ. ಆ ನೆಲದಲ್ಲಿ ಮೇಲುಮೇಲೆ ಬುನಾದಿ ಹಾಕಿ ಕಟ್ಟಿದ ಮನೆಯ ಗೋಡೆ ಮೂರು ವರ್ಷದೊಳಗೆ ಬಿರುಕು ಬಿಡುತ್ತದೆ. ಮಾರುವವರು ಬಿರುಕನ್ನು ಮುಚ್ಚಿ ಬಣ್ಣ ಬಳಿಯುತ್ತಾರೆ. ಇನ್ನು ಬಹುಮಹಡಿ ಕಟ್ಟಡಗಳ ವಿಷಯದಲ್ಲಿ ಈ ಊರು ಪಡೆದ ಪಾಠ ಬಹಳ ಕಠೋರವಾದದ್ದು. 2019ರ ಮಾರ್ಚ್ 19ರಂದು ಕುಮಾರೇಶ್ವರ ನಗರದಲ್ಲಿ ಕಟ್ಟುತ್ತಿದ್ದ ಕಟ್ಟಡವೊಂದು ಹಾಡುಹಗಲೇ ಕುಸಿದು 19 ಜನ ಪ್ರಾಣ ಕಳೆದುಕೊಂಡರು. ಆ ದಾರಿಯಲ್ಲಿ ಹೋಗುವಾಗ ಇಂದಿಗೂ ಎದೆ ಭಾರವಾಗುತ್ತದೆ. ಕಟ್ಟಡದ ಪರವಾನಿಗೆ, ಎಂಜಿನಿಯರರ ಪ್ರಮಾಣಪತ್ರಗಳನ್ನು ಕೇಳುವುದು ಸಂಶಯದ ಲಕ್ಷಣವಲ್ಲ, ಸಂಸಾರಸ್ಥನ ಕರ್ತವ್ಯ.

ಆ ದಿನದಿಂದ ಅವ್ವನನ್ನು ಬಿಟ್ಟು ಯಾವ ಮನೆಯನ್ನೂ ನೋಡಲು ಹೋಗಲಿಲ್ಲ. ಶ್ರಾವಣ ಮುಗಿದು ಭಾದ್ರಪದದ ಒಂದು ಮಧ್ಯಾಹ್ನ ಮಾಳಮಡ್ಡಿಗೆ ಹೋದೆವು. ರೈಲು ನಿಲ್ದಾಣದ ಬದಿಯ ಬಡಾವಣೆ ಅದು. ಮಂಗಳೂರು ಹಂಚಿನ ಹಳೆಯ ಮನೆಗಳು, ಕಂಪೌಂಡಿನ ಮೇಲಿಂದ ಇಣುಕುವ ಸಂಪಿಗೆ, ಮಾವು. ಮೊದಲಿನಿಂದಲೂ ವೈದಿಕ ಮನೆತನಗಳು ಹೆಚ್ಚಾಗಿರುವ ಜಾಗ. ರೈಲ್ವೆಯ ಕಾರಣದಿಂದ ಬೇರೆ ಬೇರೆ ಜನವೂ ಬಂದು ನೆಲೆಸಿದೆ. ನಮಗೆ ತೋರಿಸಿದ ಮನೆ ಎರಡು ಗುಂಠೆಗೂ ಕಡಿಮೆ ಜಾಗದ್ದು. ಎರಡು ಕೋಣೆ, ಅಡಿಗೆಮನೆ, ಹಿತ್ತಲಲ್ಲಿ ಒಂದು ಕರಿಬೇವಿನ ಗಿಡ. ಹಂಚು ಅಲ್ಲಲ್ಲಿ ಜಾರಿತ್ತು. ಬೆಲೆಯೋ ಹೊಸ ಬಡಾವಣೆಯ ಮನೆಗಿಂತ ಹೆಚ್ಚು. ಆದರೆ ಮನೆಯ ಮುಂದೆ ಓಣಿಗೆ ಮುಖ ಮಾಡಿದ ಒಂದು ಕಲ್ಲಿನ ಕಟ್ಟೆಯಿತ್ತು. ಅವ್ವ ಒಳಗೆ ಹೋಗುವ ಮೊದಲೇ ಅದರ ಮೇಲೆ ಕುಳಿತುಬಿಟ್ಟಳು.

ನಾವು ಒಳಗಿನ ತೊಲೆಗಳನ್ನು ಎಣಿಸುತ್ತಿದ್ದಾಗ ಹೊರಗೆ ಮಾತು ಕೇಳಿಸಿತು. ಪಕ್ಕದ ಮನೆಯಲ್ಲಿ ನಿವೃತ್ತ ರೈಲ್ವೆ ಗಾರ್ಡ್ ಒಬ್ಬರ ಕುಟುಂಬ, ಮುಸಲ್ಮಾನರು. ಆ ಮನೆಯ ಹಿರಿಯ ಹೆಣ್ಣುಮಗಳು ಒಂದು ಚೆರಿಗೆ ನೀರು, ತಾಟಿನಲ್ಲಿ ಬೆಲ್ಲದ ಚೂರು ಹಿಡಿದು ಬಂದು ನಿಂತಿದ್ದರು. ನಿಂತವರು ಅವ್ವನ ಹಣೆಯ ವಿಭೂತಿ, ಕೊರಳಿನ ಕರಡಿಗೆ ನೋಡಿ ಸ್ವಲ್ಪ ಅನುಮಾನಿಸಿದರು. “ಬಿಸಿಲಾಗ ಬಂದೀರಿ. ನಮ್ಮನಿ ನೀರು ಕುಡೀತೀರಿಲ್ರೀ ಅವ್ವಾರ?” ಎಂದರು. ನಾನು ಬಾಗಿಲಲ್ಲಿ ನಿಂತು ಉಸಿರು ಬಿಗಿಹಿಡಿದಿದ್ದೆ. ನಮ್ಮ ಅವ್ವ ಹಳೆಯ ಕಾಲದವಳು, ಮಡಿಮೈಲಿಗೆಯ ವಿಚಾರದಲ್ಲಿ ಸಡಿಲವಾದವಳಲ್ಲ. ಅವಳು ಚೆರಿಗೆಯನ್ನು ನೋಡಿದಳು, ಅವರ ಮುಖವನ್ನು ನೋಡಿದಳು. ಬೆಲ್ಲ ಬಾಯಿಗೆ ಹಾಕಿಕೊಂಡು ಗಟಗಟನೆ ನೀರು ಕುಡಿದು, “ಮಕ್ಕಳೆಷ್ಟು ತಂಗಿ ನಿನಗ?” ಎಂದಳು. ನಾವು ಕಾಗದಪತ್ರದ ಮಾತು ಮುಗಿಸಿ ಬರುವಷ್ಟರಲ್ಲಿ ಎದುರು ಮನೆಯ ವಿಧವೆ ಆಚಾರ್ಯ ತಾಯಿಯೂ ಬಂದು ಕಟ್ಟೆಯ ಇನ್ನೊಂದು ತುದಿಯಲ್ಲಿ ಕುಳಿತಿದ್ದರು. ಮೂವರಿಗೂ ಮೊಣಕಾಲು ನೋವೆಂಬುದು ಆಗಲೇ ತೀರ್ಮಾನವಾಗಿತ್ತು.

ಸುದ್ದಿ ಊರಿಗೆ ಮುಟ್ಟಿದಾಗ ನಮ್ಮ ಕಾಕಾ ಬಂದರು. “ಅಲ್ಲೆ ನಮ್ಮವರ ಮನಿ ಎಷ್ಟದಾವ? ಮುರಗೀಮಠದ ಕಡೆ ಸಿಗಲಿಲ್ಲೇನು? ಬಾಜೂ ಮನಿಯಾಗ ಏನ್ ಅಡಗಿ ಮಾಡ್ತಾರ ಅನ್ನೋದರ ಅರಿವೈತೇನು?” ಎಂದು ಕೇಳಿದರು. ಅವರ ಮಾತನ್ನು ಹಗುರವಾಗಿ ತೆಗೆದುಹಾಕುವಂತಿರಲಿಲ್ಲ. ಮನೆಯಲ್ಲಿ ಸಾವಾದರೆ ವಿಧಿ ತಿಳಿದ ಜನ ಬೇಕು, ಹೆಗಲು ಕೊಡುವವರು ಬೇಕು, ಜಂಗಮರು ಹತ್ತಿರವಿರಬೇಕು. ಅವರ ಚಿಂತೆ ಪ್ರೀತಿಯಿಂದಲೇ ಹುಟ್ಟಿದ್ದು. ನಾನೂ ಸತ್ಯವನ್ನು ಮುಚ್ಚಿಡಬಾರದು: ಅನುಭವ ಮಂಟಪದಲ್ಲಿ ಕುಲ ಕೇಳದೆ ಒಟ್ಟಿಗೆ ಕುಳಿತ ಶರಣರ ಮಾರ್ಗದವರೆಂದು ವೇದಿಕೆಯ ಮೇಲೆ ಎಷ್ಟೋ ಸಲ ಭಾಷಣ ಮಾಡಿದ ನಾನು, ಧಾರವಾಡದ ದಲ್ಲಾಳಿಯನ್ನು ಮೊದಲ ದಿನ ಕೇಳಿದ ಮೊದಲ ಪ್ರಶ್ನೆ “ಅಲ್ಲಿ ನಮ್ಮವರು ಇದ್ದಾರೇನು?” ಎಂಬುದೇ ಆಗಿತ್ತು.

ಕಾಕಾನಿಗೆ ಉತ್ತರ ಕೊಟ್ಟವಳು ಅವ್ವ. “ನಮ್ಮವರು ಅಂದ್ರ ಯಾರಪಾ? ಒದರಿದ್ರ ‘ಓ’ ಅನ್ನೋರು ನಮ್ಮವರು. ನಿಮ್ಮಣ್ಣ ಹೊಲದಾಗ ಬಿದ್ದ ದಿನ ಎತಿಗೊಂಡು ಬಂದೋರು ಯಾರಿದ್ರು, ನೆನಪೈತಿಲ್ಲೋ?” ಕಾಕಾ ಸುಮ್ಮನಾದರು. ಅಂದು ಅಪ್ಪನನ್ನು ಹೊತ್ತು ತಂದವರು ಪಕ್ಕದ ಹೊಲದ ಕುರುಬರ ಹುಡುಗರು ಎಂಬುದು ನಮ್ಮೆಲ್ಲರಿಗೂ ತಿಳಿದ ಸಂಗತಿ.

ಆ ದಿನ ಸಂಜೆ ನಾನು ಒಬ್ಬನೇ ನಡೆಯುತ್ತ ಹೋಗಿ ಪಂಡಿತ ಮಲ್ಲಿಕಾರ್ಜುನ ಮನಸೂರರ ಮನೆಯ ಮುಂದೆ ನಿಂತೆ. ಈಗ ಅದು ಸ್ಮಾರಕ. ಮುರುಘಾಮಠದ ಮೃತ್ಯುಂಜಯ ಅಪ್ಪಗಳ ಮೇಲಿನ ಭಕ್ತಿಯಿಂದ ಆ ಮನೆಗೆ ‘ಮೃತ್ಯುಂಜಯ’ವೆಂದು ಹೆಸರಿಟ್ಟ ಶಿವಭಕ್ತರು ಅವರು. ಮನಸೂರಿನ ಆ ಹುಡುಗ ಮೊದಲು ಕಲಿತದ್ದು ಮಿರಜಿನ ನೀಲಕಂಠಬುವಾ ಅವರ ಬಳಿ, ಆಮೇಲೆ ಮಂಜೀಖಾನ್, ಬುರ್ಜೀಖಾನ್ ಸಾಹೇಬರ ಬಳಿ. ಗುರುವಿನ ಹೆಸರು ಹೊತ್ತ ಮನೆಯೊಳಗೆ ಉಸ್ತಾದರು ಕೊಟ್ಟ ವಿದ್ಯೆ ಬೆಳಗು ಬೈಗು ತುಂಬಿ ತುಳುಕಿತು. ಧಾರವಾಡದಲ್ಲಿ ಇದು ಹೊಸ ಮಾತೇನಲ್ಲ. ಮರೆತಿದ್ದವನು ನಾನೊಬ್ಬನೇ.

ಕಾಗದಗಳು ಸರಿಯಾಗಿದ್ದವು. ಮಾರುವವರ ಮೂವರು ಸೋದರಿಯರೂ ಉಪನೋಂದಣಾಧಿಕಾರಿಗಳ ಕಚೇರಿಗೆ ಸ್ವತಃ ಬಂದು ಸಹಿ ಮಾಡಿದರು. ಋಣಭಾರ ಪತ್ರ, ಉತಾರ, ಇ-ಖಾತಾ ಎಲ್ಲವನ್ನೂ ವಕೀಲರಿಗೆ ತೋರಿಸಿ 2025ರ ಆರಂಭದಲ್ಲಿ ಖರೀದಿ ಮುಗಿಸಿದೆವು. ಅದೇ ವರ್ಷ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇಕಡಾ 1ರಿಂದ 2ಕ್ಕೆ ಏರಿತು. ಈಗ ಕೊಳ್ಳುವವರು ಮುದ್ರಾಂಕ ಶುಲ್ಕದ ಜೊತೆಗೆ ಅದನ್ನೂ ಮೊದಲೇ ಲೆಕ್ಕ ಹಿಡಿಯಬೇಕು. ಹಂಚು ಹೊದಿಸಲು, ಬಚ್ಚಲು ಸರಿಪಡಿಸಲು ನಾವು ಎಣಿಸಿದ್ದಕ್ಕಿಂತ ಹೆಚ್ಚು ಖರ್ಚಾಯಿತು. ಈ ವಿಷಯದಲ್ಲಿ ಮಗ ಹೇಳಿದ್ದೇ ನಿಜವಾಯಿತೆಂದು ಒಪ್ಪಿಕೊಳ್ಳಬೇಕು.

ಅದೇ ಮಳೆಗಾಲದ ಒಂದು ದಿನ ನಾವಿಬ್ಬರೂ ಹುಬ್ಬಳ್ಳಿಗೆ ಮದುವೆಗೆ ಹೋಗಿದ್ದೆವು. ಅವ್ವ ಬಚ್ಚಲಲ್ಲಿ ಜಾರಿ ಬಿದ್ದಳು. ಒಂದೇ ಸಲ ಒದರಿದಳಂತೆ. ಹಿತ್ತಲಿನ ಗೋಡೆಯಾಚೆ ಬಟ್ಟೆ ಒಣಹಾಕುತ್ತಿದ್ದ ಆ ತಂಗಿ “ಓ” ಎಂದರು. ಗಾರ್ಡ್ ಸಾಹೇಬರು ಹಿಂಬಾಗಿಲ ಅಗಳಿ ತೆಗೆದರು, ಎದುರು ಮನೆಯ ಆಚಾರ್ಯ ತಾಯಿಯ ಮೊಮ್ಮಗ ಆಟೋ ತಂದ. ನಾವು ಚಿಗರಿ ಬಸ್ಸಿನಿಂದಿಳಿದು ಆಸ್ಪತ್ರೆಗೆ ಓಡಿದಾಗ ಅವ್ವನ ತೊಡೆಯೆಲುಬಿನ ಚಿತ್ರ ತೆಗೆದಾಗಿತ್ತು, ಆ ತಂಗಿ ಅವಳ ಕಾಲ ಬಳಿ ಕುಳಿತಿದ್ದರು. ಕೊರಳಿನ ಕರಡಿಗೆಯನ್ನು ದಾದಿ ತೆಗೆಯಹೋದಾಗ, “ಅದನ್ನ ಅವರು ತಗ್ಯಾಂಗಿಲ್ರಿ, ಮಗಾ ಬರೂತನಕ ತಡೀರಿ” ಎಂದು ಅವರೇ ತಡೆದಿದ್ದರು. ಹೊಸ ಬಡಾವಣೆಯ ಆ ಹೊಳೆಯುವ ನೆಲದ ಮೇಲೆ ಅವ್ವ ಬಿದ್ದಿದ್ದರೆ ಏನಾಗುತ್ತಿತ್ತೆಂಬುದನ್ನು ನಾನು ಇಂದಿಗೂ ಪೂರ್ತಿಯಾಗಿ ಯೋಚಿಸಲಾರೆ.

ಈ ಓಣಿ ಸ್ವರ್ಗವೆಂದು ನಾನು ಹೇಳುವುದಿಲ್ಲ. ಮಲಪ್ರಭೆಯ ನೀರು ನಮ್ಮ ನಲ್ಲಿಗೆ ಬರುವ ದಿನ ಹಬ್ಬದಂತೆ ಕೊಡಗಳು ಸಾಲುಗಟ್ಟುತ್ತವೆ. 2008ರ ಸುಮಾರಿಗೆ ಇಪ್ಪತ್ತನಾಲ್ಕು ಗಂಟೆ ನೀರು ಬರತೊಡಗಿದ ವಾರ್ಡುಗಳ ಭಾಗ್ಯ ನಮ್ಮ ಓಣಿಗಿಲ್ಲ. ಭಾನುವಾರ ಪಕ್ಕದ ಅಡಿಗೆಮನೆಯ ವಾಸನೆ ಬಂದಾಗ ಅವ್ವ ಎದ್ದು ಕಿಟಕಿ ಹಾಕುತ್ತಾಳೆ, ಒಂದು ತಾಸಿನ ಮೇಲೆ ತಾನೇ ತೆರೆಯುತ್ತಾಳೆ. ಆ ವಿಷಯ ಎರಡೂ ಮನೆಗಳಲ್ಲಿ ಯಾರೂ ಎತ್ತುವುದಿಲ್ಲ. ಓಣಿಯ ಮಕ್ಕಳು ಬೆಂಗಳೂರು ಸೇರಿದ್ದಾರೆ. ಮೂಲೆಯ ಮನೆಯೊಂದನ್ನು ಕೆಡವಿ ಅಪಾರ್ಟ್‌ಮೆಂಟ್ ಕಟ್ಟುವ ಮಾತು ನಡೆದಿದೆ. ಇಂದಿನ ನೆರೆ ನಾಳೆಯೂ ಇರುತ್ತದೆಂದು ಖರೀದಿಪತ್ರದಲ್ಲಿ ಬರೆಸಿಕೊಳ್ಳಲಾಗುವುದಿಲ್ಲ.

ಆದರೂ ಮನೆ ಹುಡುಕುವ ಬಂಧುಗಳಿಗೆ ನನ್ನ ವಿನಂತಿ ಇಷ್ಟು. ಮನೆಯನ್ನು ಮೂರು ಸಲ ನೋಡಿರಿ: ಜಡಿಮಳೆಯಲ್ಲಿ ಒಮ್ಮೆ, ಕಡುಬೇಸಿಗೆಯಲ್ಲಿ ಒಮ್ಮೆ, ರಾತ್ರಿ ಎಂಟರ ಮೇಲೆ ಒಮ್ಮೆ. ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆಂದು ಮಾರುವವರನ್ನು ಕೇಳಬೇಡಿರಿ, ಪಕ್ಕದ ಮನೆಯ ತಾಯಂದಿರನ್ನು ಕೇಳಿರಿ. ಕಾಗದಪತ್ರವನ್ನು ವಕೀಲರಿಗೆ, ಬುನಾದಿಯನ್ನು ಬಲ್ಲ ಮೇಸ್ತ್ರಿಗೆ ತೋರಿಸಿರಿ. ಇವೆಲ್ಲ ಆದ ಮೇಲೆ, ವಾಹನ ನಡೆಸಲಾರದ, ಒಬ್ಬರೇ ಹೊರಗೆ ಹೋಗಲಾರದ ಯಾರಾದರೂ ನಿಮ್ಮ ಮನೆಯಲ್ಲಿದ್ದರೆ, ಅವರು ತೀರ ಹಿರಿಯರಿರಲಿ, ತೀರ ಕಿರಿಯರಿರಲಿ, ಅವರನ್ನು ಕರೆದುಕೊಂಡು ಹೋಗಿ ಆ ಮನೆಯ ಬಾಗಿಲಲ್ಲಿ ಅರ್ಧ ತಾಸು ಕೂಡಿಸಿರಿ. ನೀವು ಒಳಗೆ ಗೋಡೆ ನೋಡುತ್ತಿರುವಾಗ ಹೊರಗೆ ಅವರೊಡನೆ ಯಾರಾದರೂ ಮಾತಾಡಿದರೇ ಎಂಬುದನ್ನು ಗಮನಿಸಿರಿ.

ಅವ್ವ ಈಗ ಕೋಲು ಹಿಡಿದು ನಡೆಯುತ್ತಾಳೆ. ಸಂಜೆ ಐದಕ್ಕೆ ಕಟ್ಟೆಗೆ ಬರುತ್ತಾಳೆ. ಈ ಸಲ ಭರತ ಹುಣ್ಣಿಮೆಯ ಮುಂಚೆ ಉಳವಿಗೆ ಹೊರಟ ಚಕ್ಕಡಿಗಳನ್ನು ನೋಡಬೇಕೆಂದು ಹಟ ಹಿಡಿದಳು. ನಾನು ದಾರಿಯವರೆಗೆ ಕರೆದುಕೊಂಡು ಹೋದೆ. ಎತ್ತಿನ ಕೊರಳ ಗಂಟೆಗಳು ದೂರವಾಗುವವರೆಗೆ ಕೈಮುಗಿದು ನಿಂತಳು. ಮರಳಿ ಬಂದು ಕಟ್ಟೆಯ ಮೇಲೆ ಕೂತು, ನೋಡಿದ್ದನ್ನೆಲ್ಲ ಇಬ್ಬರು ಗೆಳತಿಯರಿಗೆ ಮೊದಲಿನಿಂದ ಕೊನೆಯವರೆಗೆ ಹೇಳಿದಳು. ಆ ಹೊತ್ತಿಗೆ ದೀಪ ಹಚ್ಚುವ ಸಮಯವಾಗಿತ್ತು. ಮೂವರೂ ಏಳಲಿಲ್ಲ.